ಆಷಾಢದ ಗಾಳಿಯಲ್ಲಿ ಇನ್ನೊಂದು ಸುತ್ತು!

ಬಿರುಗಾಳಿಯಲ್ಲಿ ಹೀರೋ ವಿಮಾನ ಇಳಿಸಿದರೆ ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆಯುವವರು ನಾವು. ನಿಜವಾದ ವಿಮಾನದಲ್ಲಿ ಕೂತಾಗ ಶಿಳ್ಳೆ ಹಾಗಿರಲಿ, ನನಗೆ ಉಸಿರೇ ಹೊರಡಲಿಲ್ಲ ಮಿತ್ರರೇ!

ಬೆಂಗಳೂರಿನ ಜಕ್ಕೂರು ಏರೋಡ್ರೋಮ್. ಆಷಾಢದ ಮಧ್ಯಾಹ್ನ. ಲೇಖನಕ್ಕೆಂದು ನಾಲ್ಕು ಸೀಟಿನ ಸೆಸ್ನಾ 172 ಹತ್ತಿದ್ದೆ. ಇಳಿಯುವ ಹೊತ್ತಿಗೆ ಗಾಳಿ 15 ನಾಟ್, ಒಮ್ಮೊಮ್ಮೆ ರಪ್ಪನೆ 25!

"ಸ್ಪೀಡ್ ಕಮ್ಮಿ ಮಾಡಿ ಸಾರ್" ಅಂದೆ.

ಕ್ಯಾಪ್ಟನ್ ನಕ್ಕರು. "ಜಾಸ್ತಿ ಮಾಡಬೇಕು ಕಣ್ರೀ. 15ಕ್ಕೂ 25ಕ್ಕೂ ಇರೋ ವ್ಯತ್ಯಾಸದಲ್ಲಿ ಅರ್ಧ, ಅಂದ್ರೆ 5. ಮಾಮೂಲಿ 65ಕ್ಕೆ ಅದನ್ನ ಸೇರಿಸ್ತೀನಿ. ಗಾಳಿ ದಿಢೀರನೆ ಬಿದ್ದುಹೋದ್ರೆ ರೆಕ್ಕೆಗೆ ಆಸರೆ ತಪ್ಪುತ್ತೆ. ಆಗ ಕಾಪಾಡೋದು ಆ ಐದೇ."

ರನ್‌ವೇ ಇನ್ನೇನು ಸಿಕ್ಕಿತು ಅನ್ನುವಾಗ ಗಾಳಿ ನಮ್ಮನ್ನು ಪಕ್ಕಕ್ಕೆ ತಳ್ಳಿತು. ಅವರು ಥ್ರಾಟಲ್ ಪೂರ್ತಿ ಒತ್ತಿ ಮೇಲಕ್ಕೇ ಹಾರಿಸಿಬಿಟ್ಟರು! ಒಂದು ಸುತ್ತು ಹಾಕಿ ಮತ್ತೆ ಬಂದೆವು. ಈ ಸಲ ಗಾಳಿ ಬೀಸುವ ಕಡೆಯ ರೆಕ್ಕೆ ತುಸು ತಗ್ಗಿಸಿ, ರಡ್ಡರ್ ಒತ್ತಿ ಮೂತಿಯನ್ನು ನೇರ ಹಿಡಿದು, ಮೊದಲು ಆ ಕಡೆಯ ಒಂದೇ ಚಕ್ರ ಊರಿದರು. ಆಮೇಲೆ ಇನ್ನೊಂದು. ಕೊನೆಗೆ ಮುಂದಿನದು.

"ಮೊದಲ ಸಲ ಸೋತಿರಲ್ಲ ಸಾರ್?"

"ಇಳೀಲೇಬೇಕು ಅಂತ ಹಟ ಮಾಡಿದವನು ಸೋಲೋದು ಕಣ್ರೀ. ಟ್ಯಾಂಕಿನಲ್ಲಿ ಪೆಟ್ರೋಲ್ ಇರೋವರೆಗೂ ಇನ್ನೊಂದು ಸುತ್ತು ಇದ್ದೇ ಇದೆ."

ಪಿಯುಸಿಯಲ್ಲಿ ಒಂದೇ ಸಲ ಫೇಲಾಗಿ ಕಾಲೇಜಿಗೆ ಬೆನ್ನು ತಿರುಗಿಸಿದವನು ನಾನು. ಮೆಜೆಸ್ಟಿಕ್ ತಲುಪುವವರೆಗೂ ಬಸ್ಸಿನಲ್ಲಿ ಅದೇ ಮಾತು ಕಿವಿಯಲ್ಲಿತ್ತು. ಇಪ್ಪತ್ತೆಂಟಾಯಿತು, ನಿಜ. ಪರೀಕ್ಷೆಯ ಅರ್ಜಿಯಂತೂ ತಂದಿಟ್ಟಿದ್ದೇನೆ. ನಗಬೇಡಿ!