ಅನ್ನವಿಲ್ಲದ ಹುಳಿ

ಶಿರಸಿ, ಸಿದ್ದಾಪುರದ ಕಡೆ ಹುಟ್ಟಿದವರಿಗೆ ಹುಳಿಯ ವಿಷಯದಲ್ಲಿ ಸ್ವಲ್ಪ ಜಂಬ ಜಾಸ್ತಿ. ತಂಬುಳಿ, ಅಪ್ಪೆಹುಳಿ, ಗೊಜ್ಜು, ಸಾಸಿವೆ, ಮುರುಗಲ ಸಾರು, ಕೊನೆಗೆ ಮಜ್ಜಿಗೆ, ಎಲೆಯ ತುದಿಯಲ್ಲಿ ಒಂದು ಮಾವಿನ ಮಿಡಿ. ಒಂದೇ ಊಟದಲ್ಲಿ ಹುಳಿ ಇಷ್ಟು ವೇಷ ಕಟ್ಟಿಕೊಂಡು ಬರುವುದನ್ನು ನಾನು ಬೇರೆ ಕಡೆ ಕಂಡಿಲ್ಲ. ಬಡಿಸುವವರು ಪ್ರತಿ ಸುತ್ತಿಗೂ ಅನ್ನದ ಪಾತ್ರೆ ಹಿಡಿದೇ ಬರುತ್ತಾರೆ. ಆ ಪಾತ್ರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈ ತೊಳೆದು ಎಲೆಯಡಿಕೆ ಹಾಕುವಾಗ ಎಲ್ಲರೂ ಹೊಗಳುವುದು ಅಪ್ಪೆಹುಳಿಯನ್ನೇ.

ಇಂಥ ಪಂಕ್ತಿಯಲ್ಲಿ ಕೂತು ಬೆಳೆದ ನಮ್ಮ ಭಾವ ಈಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಎದ್ದು ಆ್ಯಪಲ್ ಸೈಡರ್ ವಿನೆಗರ್ ಕುಡಿಯುತ್ತಾರೆ. ದೊಡ್ಡ ಲೋಟದಲ್ಲಿ ನೀರು, ಅದಕ್ಕೊಂದು ಚಮಚ ವಿನೆಗರ್, ಕುಡಿಯಲಿಕ್ಕೆ ಸ್ಟ್ರಾ. ಸ್ಟ್ರಾ ಶೋಕಿಗಲ್ಲ, ಆಮ್ಲ ದಿನಾ ತಾಗಿದರೆ ಹಲ್ಲಿನ ಮೇಲ್ಪದರ ಸವೆಯುತ್ತದೆ ಅಂತ. ಅಷ್ಟರ ಮಟ್ಟಿಗೆ ಭಾವ ಜಾಣರೇ. ಸುರಿಯುವ ಮೊದಲು ಬಾಟಲಿಯನ್ನು ಒಮ್ಮೆ ತಲೆಕೆಳಗು ಮಾಡುತ್ತಾರೆ. ತಳದಲ್ಲಿ ಕೂತಿದ್ದ ಕಂದು ಗಸಿ ಎದ್ದು, ಲೋಳೆಲೋಳೆಯಾದ ಎಳೆಗಳು ಮೇಲೆ ಕೆಳಗೆ ತೇಲಾಡುತ್ತವೆ. ಅದು ಬ್ಯಾಕ್ಟೀರಿಯಾಗಳೂ ಅವು ನೇಯ್ದ ಸೆಲ್ಯುಲೋಸೂ ಸೇರಿದ ಮುದ್ದೆ. ಊರಲ್ಲಿ ಉಪ್ಪಿನಕಾಯಿ ಭರಣಿಯೊಳಗೆ ಇದರ ಕಾಲು ಭಾಗ ಏನಾದರೂ ತೇಲಿದ್ದರೆ ಇದೇ ಭಾವ ಅದನ್ನು ಗೊಬ್ಬರಗುಂಡಿಗೆ ಸುರಿಸಿಬಿಡುತ್ತಿದ್ದರು. ಇಲ್ಲಿ ಎಳೆ ಇರುವ ಬಾಟಲಿಗೇ ಬೆಲೆ ಹೆಚ್ಚು.

ಭಾವ ಕೀಟೋ ಮಾಡುತ್ತಿದ್ದಾರೆ. ರಕ್ತದ ಸಕ್ಕರೆ ಗಡಿಯಲ್ಲಿ ಬಂದು ನಿಂತಿದೆ, ತೂಕ ಇಳಿಸಿ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರು ಹೇಳಿದ್ದು ಅಷ್ಟೇ. ಕೀಟೋ ಭಾವನದೇ ಆಯ್ಕೆ. ದಿನಕ್ಕೆ ಇಪ್ಪತ್ತರಿಂದ ಐವತ್ತು ಗ್ರಾಮಿನೊಳಗೆ ಕಾರ್ಬೋಹೈಡ್ರೇಟು, ಮಿಕ್ಕಿದ್ದೆಲ್ಲ ಕೊಬ್ಬು ಮತ್ತು ಒಂದಷ್ಟು ಪ್ರೊಟೀನು. ನೂರು ಗ್ರಾಂ ಅನ್ನದಲ್ಲೇ ಇಪ್ಪತ್ತೆಂಟು ಗ್ರಾಂ ಕಾರ್ಬೋಹೈಡ್ರೇಟು ಕೂತಿರುವಾಗ ಅಕ್ಕಿಯ ಕತೆ ಅಲ್ಲಿಗೇ ಮುಗಿಯಿತು. ಅದರ ಹಿಂದೆ ಅವಲಕ್ಕಿ, ಚಪಾತಿ, ಬಾಳೆಹಣ್ಣು. ಬೆಣ್ಣೆ, ಪನೀರು, ತುಪ್ಪ, ಕೊಬ್ಬರಿ ಎಣ್ಣೆ, ಬಾದಾಮಿ ಹಿಟ್ಟು ಒಳಗೆ ಬಂದವು. ಸಕ್ಕರೆ ಸಿಗದ ದೇಹ ಕೊಬ್ಬನ್ನು ಸುಡುತ್ತದೆ. ಯಕೃತ್ತು ಅದರಿಂದ ಕೀಟೋನ್‌ಗಳನ್ನು ಮಾಡಿ ಮೆದುಳಿಗೂ ಕಳಿಸುತ್ತದೆ. ಅದರಲ್ಲೊಂದು ಅಸಿಟೋನ್, ಉಗುರಿನ ಬಣ್ಣ ತೆಗೆಯುವ ದ್ರಾವಣದಲ್ಲಿ ಇರುತ್ತದಲ್ಲ, ಅದೇ. ಉಸಿರಿನಲ್ಲಿ ಹೊರಬರುತ್ತದೆ. ಮೊದಮೊದಲು ಅಕ್ಕ ಮಗಳ ಮೇಲೆ ಅನುಮಾನಪಟ್ಟು ಅವಳ ಕೋಣೆಯೆಲ್ಲ ತಡಕಾಡಿದ್ದಳು.

ಹೊಟ್ಟೆ ಕರಗಿಸಲೆಂದು ಹುಟ್ಟಿದ ಪಥ್ಯವಲ್ಲ ಇದು. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಎಂಬ ವೈದ್ಯರು ಮೂರ್ಛೆರೋಗಕ್ಕೆ ಇದನ್ನು ಸೂಚಿಸಿದರು. ಉಪವಾಸ ಇದ್ದರೆ ಮೂರ್ಛೆ ಕಡಿಮೆಯಾಗುತ್ತದೆ ಎಂದು ಬಹಳ ಹಿಂದಿನಿಂದ ಗೊತ್ತಿತ್ತು. ಉಣ್ಣುತ್ತಲೇ ಉಪವಾಸದ ಫಲ ಪಡೆಯುವುದು ಹೇಗೆ ಎಂಬುದು ಅವರ ಯೋಚನೆ. 1938ರಲ್ಲಿ ಫೆನಿಟಾಯಿನ್ ಗುಳಿಗೆ ಬಂದಮೇಲೆ ಪಥ್ಯ ಹಿಂದೆ ಸರಿಯಿತು. ಆದರೆ ಔಷಧಿಗೆ ಬಗ್ಗದ ಮೂರ್ಛೆ ಇರುವ ಮಕ್ಕಳಿಗೆ ಇವತ್ತಿಗೂ ಕೊಡುತ್ತಾರೆ, ಊಟವನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ವೈದ್ಯರ ಕಣ್ಣೆದುರು. ಆ ತಾಯಂದಿರ ಕಷ್ಟದ ಮುಂದೆ ನಮ್ಮ ಭಾವನ ಕೀಟೋ ಮದುವೆ ಮನೆಯ ಊಟ.

ಇರಲಿ, ವಿನೆಗರಿಗೆ ಬರೋಣ. ಸಿಹಿಯಾದ ಸೇಬಿನಿಂದ ಮಾಡಿದ್ದು ಕೀಟೋದವರಿಗೆ ಹೇಗೆ ಆಗಿಬರುತ್ತದೆ? ಆ ಸಿಹಿಯನ್ನು ಬೇರೆಯವರು ಮೊದಲೇ ತಿಂದು ಮುಗಿಸಿರುತ್ತಾರೆ, ಅದಕ್ಕೆ. ಸೇಬಿನ ರಸದ ಸಕ್ಕರೆಯನ್ನು ಯೀಸ್ಟು ತಿಂದು ಆಲ್ಕೋಹಾಲ್ ಮಾಡುತ್ತದೆ. ಅದಕ್ಕೆ ಗಾಳಿ ತಾಗಿದರೆ ಅಸಿಟೋಬ್ಯಾಕ್ಟರ್ ಜಾತಿಯವು ಬಂದು ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತವೆ. ಎರಡು ಪಂಕ್ತಿ ಉಂಡು ಎದ್ದಮೇಲೆ ಉಳಿದದ್ದು ನೀರು, ನೂರಕ್ಕೆ ಐದರಷ್ಟು ಆಮ್ಲ, ಒಂದಿಷ್ಟು ವಾಸನೆ. ಚಮಚಕ್ಕೆ ಒಂದು ಗ್ರಾಂ ಕಾರ್ಬೋಹೈಡ್ರೇಟೂ ಇಲ್ಲ. ಕಳ್ಳು ಹುಳಿತಾಗ ಆಗುವುದೂ ಇದೇ. ಮಂಗಳೂರಿನ ಕ್ರೈಸ್ತರ ಅಡುಗೆಮನೆಯಲ್ಲಿ ಕಳ್ಳಿನ ವಿನೆಗರಿಗೆ ದೊಡ್ಡ ಸ್ಥಾನ ಇದೆ, ಅದನ್ನು ಸೇಬಿನದರ ಹಾಗೆ ಗುಳಿಗೆ ಮಾಡಿ ಮಾರಿದವರನ್ನು ನಾನಿನ್ನೂ ಕಂಡಿಲ್ಲ. ಗೋಬಿ ಮಂಚೂರಿ ಗಾಡಿಯವನ ಬಾಟಲಿಯಲ್ಲಿರುವ ಬಿಳಿ ವಿನೆಗರಂತೂ ಸಾಮಾನ್ಯವಾಗಿ ಕಾರ್ಖಾನೆಯ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು, ಯೀಸ್ಟಿನ ಮುಖವನ್ನೇ ಕಂಡದ್ದಲ್ಲ. ಆಮ್ಲ ಮಾತ್ರ ಮೂರರಲ್ಲೂ ಒಂದೇ.

ಈ ಆಮ್ಲ ಏನಾದರೂ ಮಾಡುತ್ತದೆಯೇ? ಮಾಡುತ್ತದೆ, ಆದರೆ ಅದರ ಕೆಲಸ ಏನು ಎಂದು ಕೇಳಿದರೆ ಭಾವ ಮುಖ ತಿರುಗಿಸುತ್ತಾರೆ. 2004ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಕೆರೊಲ್ ಜಾನ್‌ಸ್ಟನ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಊಟಕ್ಕೆ ಮೊದಲು ನೀರಿನಲ್ಲಿ ಬೆರೆಸಿದ ಆ್ಯಪಲ್ ಸೈಡರ್ ವಿನೆಗರ್, ಆಮೇಲೆ ಬೆಣ್ಣೆ ಸವರಿದ ಬಿಳಿ ಬೇಗಲ್ ಬ್ರೆಡ್ಡು, ಕಿತ್ತಳೆ ರಸ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಲ್ಲಿ ಅದು ಸ್ವಲ್ಪ ಚೆನ್ನಾಗಿ ಕೆಲಸ ಮಾಡಿತು. ಎಲ್ಲರೂ ಎತ್ತಿ ಹೇಳುವ ಪ್ರಯೋಗ ಇದು. ಯಾರೂ ಹೇಳದೆ ಬಿಡುವ ಸಂಗತಿ ಎಂದರೆ ಆ ಊಟದಲ್ಲಿ 87 ಗ್ರಾಂ ಕಾರ್ಬೋಹೈಡ್ರೇಟು ಇತ್ತು. ಕೀಟೋದವರಿಗೆ ಅದು ಒಂದು ಹೊತ್ತಿನದಲ್ಲ, ಎರಡು ಮೂರು ದಿನದ ಪಾಲು. ವಿನೆಗರಿನ ಪತ್ತೆಯಾದ ಮುಖ್ಯ ಕೆಲಸವೇ ಪಿಷ್ಟದ ಊಟ ಕರುಳಿಗೆ ಇಳಿಯುವುದನ್ನು ನಿಧಾನ ಮಾಡಿ, ಉಂಡಮೇಲೆ ಸಕ್ಕರೆ ಧಿಗ್ಗನೆ ಏರದಂತೆ ನೋಡುವುದು. ಬ್ರೆಡ್ಡೂ ಇಲ್ಲ, ಅನ್ನವೂ ಇಲ್ಲ, ಏರಬೇಕಾದ ಸಕ್ಕರೆಯೇ ಇಲ್ಲ ಎಂದಮೇಲೆ ಪಾಪ ಅದು ಯಾರನ್ನು ತಡೆಯಬೇಕು?

ತೂಕದ ಮಾತಂತೂ ಇನ್ನೂ ತೆಳು. 2009ರ ಜಪಾನಿನ ಅಧ್ಯಯನದಲ್ಲಿ 155 ಜನ ಹನ್ನೆರಡು ವಾರ ಭಾಗವಹಿಸಿದ್ದರು. ದಿನಾ ವಿನೆಗರ್ ಕುಡಿದವರು ಒಂದೆರಡು ಕಿಲೋ ಇಳಿದರು, ನಿಲ್ಲಿಸಿದಮೇಲೆ ತೂಕ ಮತ್ತೆ ಮೇಲೇರಿತು. 2024ರಲ್ಲಿ ಲೆಬನಾನಿನಿಂದ ಬಂದ ಪ್ರಬಂಧವೊಂದು ಇದಕ್ಕಿಂತ ಎಷ್ಟೋ ಹೆಚ್ಚು ಇಳಿಯುತ್ತದೆ ಎಂದಾಗ ಪತ್ರಿಕೆಗಳೆಲ್ಲ ಕುಣಿದಾಡಿದವು. ಮರುವರ್ಷ ಅದನ್ನು ಪ್ರಕಟಿಸಿದ ನಿಯತಕಾಲಿಕವೇ ಅಂಕಿಅಂಶ ನಂಬುವಂತಿಲ್ಲವೆಂದು ವಾಪಸ್ಸು ಪಡೆಯಿತು. ಆ ಸುದ್ದಿಗೆ ಯಾರೂ ಕುಣಿಯಲಿಲ್ಲ. ಭಾವನ ತೂಕ ಇಳಿದದ್ದು ಸುಳ್ಳಲ್ಲ, ಪ್ಯಾಂಟು ಸಡಿಲಾಗಿದ್ದನ್ನು ನಾನೇ ನೋಡಿದ್ದೇನೆ. ಅದು ಬಿಟ್ಟ ಅನ್ನದಿಂದ ಇಳಿದದ್ದು. ಹೆಸರು ಮಾತ್ರ ಕುಡಿದ ವಿನೆಗರಿಗೆ.

ಬಿಟ್ಟ ಅನ್ನದ ಜೊತೆಗೆ ಬೇರೆ ಏನೇನು ಹೋಯಿತು ಎಂಬ ಲೆಕ್ಕ ಅಕ್ಕನ ಹತ್ತಿರ ಇದೆ. "ಮೊದಲೆಲ್ಲ ಉಪ್ಪಿನಕಾಯಿ ಮುಗೀತು ಅಂತ ಗಲಾಟೆ ಮಾಡ್ತಿದ್ರು. ಈಗ ನೋಡು ಮಾರಾಯಾ, ಭರಣಿ ಬಾಯಿ ಕಟ್ಟಿದ ಬಟ್ಟೆ ಸಹ ಬಿಚ್ಚಿಲ್ಲ." ಅದು ಅಪ್ಪೆಮಿಡಿ. ನೆಲಕ್ಕೆ ಬಿದ್ದು ಪೆಟ್ಟಾಗದಂತೆ, ತೊಟ್ಟು ಮುರಿಯದಂತೆ ಮರದಿಂದ ಇಳಿಸಿ, ಒಂದು ಪದರ ಮಿಡಿ ಒಂದು ಪದರ ಕಲ್ಲುಪ್ಪು ಹಾಕಿ ಇಟ್ಟರೆ, ದಿನ ಕಳೆದಂತೆ ಮಿಡಿ ತನ್ನ ನೀರನ್ನೇ ಬಿಟ್ಟುಕೊಂಡು ಅದರಲ್ಲೇ ಮುಳುಗಿ ಸುಕ್ಕಾಗುತ್ತದೆ. ಆ ಉಪ್ಪುನೀರಲ್ಲೇ ಸಾಸಿವೆ, ಮೆಣಸು ರುಬ್ಬಿ ಬೆರೆಸುತ್ತಾರೆ. ಸೊನೆಯ ಪರಿಮಳ ವರ್ಷವಾದರೂ ಹೋಗುವುದಿಲ್ಲ. ವಿನೆಗರಿನ ಹನಿಯೂ ಬೇಡ. ಕೀಟೋದ ಯಾವ ಕಾನೂನಿನಲ್ಲೂ ಒಂದು ಮಿಡಿಗೆ ಅಡ್ಡಿಯಿಲ್ಲ, ನಾನು ಲೆಕ್ಕ ಹಾಕಿಯೇ ತೋರಿಸಿದೆ. ಭಾವ ಒಂದು ಮಿಡಿ ತೆಗೆದು ಪನೀರಿನ ಪಕ್ಕ ಇಟ್ಟುಕೊಂಡು, ತುದಿ ಕಚ್ಚಿ, ಹಾಗೇ ಬಿಟ್ಟರು. ಮಜ್ಜಿಗೆ ಅನ್ನ ಇಲ್ಲದೆ ಮಿಡಿ ಬರಿಯ ಉಪ್ಪು.

ಇಡ್ಲಿ ದೋಸೆಯ ವಿಷಯದಲ್ಲಿ ಮೋಸ ಹೋಗುವವರು ಬಹಳ. ಹುಳಿ ಬಂದದ್ದೆಲ್ಲ ಹೊಟ್ಟೆಗೆ ಒಳ್ಳೆಯದು ಎಂದು ಕೇಳಿ, ಹಿಟ್ಟು ರಾತ್ರಿಯೆಲ್ಲ ಉಬ್ಬಿದೆಯಲ್ಲ, ಸಕ್ಕರೆಯೆಲ್ಲ ಬ್ಯಾಕ್ಟೀರಿಯಾ ತಿಂದಿರಬೇಕು ಎಂದುಕೊಳ್ಳುತ್ತಾರೆ. ಹಿಟ್ಟು ಉಬ್ಬಿಸುವ ಲ್ಯೂಕೊನಾಸ್ಟಾಕಿನಂಥವು ತಿನ್ನುವುದು ಬಿಡಿ ಸಕ್ಕರೆಯ ಚೂರನ್ನು ಮಾತ್ರ. ಅಕ್ಕಿಯ ಪಿಷ್ಟ ಬಹುಪಾಲು ಹಾಗೇ ಇರುತ್ತದೆ. ನಾಲ್ಕು ಇಡ್ಲಿ ತಿಂದರೆ ಕೀಟೋದವನ ದಿನ ಅಲ್ಲಿಗೆ ಮುಗಿಯಿತು. ಆದರೆ ಇಡ್ಲಿಗೆ ಅಕ್ಕಿ ಬಂದದ್ದು ಆಮೇಲೆ ಎಂಬುದನ್ನು ಭಾವನಿಗೆ ಹೇಳಿ ನಾನೊಮ್ಮೆ ಖುಷಿಪಡಿಸಿದ್ದೇನೆ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಇಡ್ಲಿಯಂಥ ತಿಂಡಿಯ ಕ್ರಮ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಮಸಾಲೆಯನ್ನೂ ಸೇರಿಸುವುದು. ಅಕ್ಕಿಯ ಮಾತೇ ಇಲ್ಲ. ಭಾನುವಾರ ಭಾವ ಅದನ್ನು ಮಾಡಿಸಿದರು. ಉದ್ದಿನಲ್ಲೂ ಪಿಷ್ಟ ಏನು ಕಡಿಮೆಯಿಲ್ಲ ಎಂದು ಹೇಳಬೇಕೆಂದಿದ್ದೆ, ಅಕ್ಕನ ರುಬ್ಬುವ ಕಲ್ಲಿನ ಸದ್ದಿನಲ್ಲಿ ಹೇಳಲಾಗಲಿಲ್ಲ.

ಮಜ್ಜಿಗೆಗೆ ಅಡ್ಡಿಯಿಲ್ಲ. ಹಾಲಿನ ಸಕ್ಕರೆಯಲ್ಲಿ ಸ್ವಲ್ಪ ಭಾಗ ಹೆಪ್ಪಿನ ಬ್ಯಾಕ್ಟೀರಿಯಾಕ್ಕೆ ಹೋಗುತ್ತದೆ, ಮಿಕ್ಕದ್ದಕ್ಕೆ ನಮ್ಮ ಮನೆಯವರು ಸುರಿಯುವಷ್ಟು ನೀರು ಸುರಿದರೆ ಲೋಟಕ್ಕೆ ಎರಡು ಮೂರು ಗ್ರಾಮೂ ದಾಟುವುದಿಲ್ಲ.

ಭಾವನ ಫ್ರಿಜ್ಜಿನಲ್ಲಿ ಒಂದು ಗಾಜಿನ ಜಾಡಿ ಎಲೆಕೋಸೂ ಇದೆ. ಸವರ್‌ಕ್ರೌಟ್. ಸಣ್ಣಗೆ ಹೆಚ್ಚಿದ ಕೋಸಿಗೆ ತೂಕದ ನೂರಕ್ಕೆ ಎರಡರಷ್ಟು ಉಪ್ಪು ತಿಕ್ಕಿ ಒತ್ತಿಟ್ಟರೆ ತನ್ನಷ್ಟಕ್ಕೇ ಹುಳಿ ಬರುವಂಥದ್ದು. ಮಿಡಿಯ ಶಾಸ್ತ್ರವೇ. ಇದನ್ನು ಮಾತ್ರ ಭಾವ ಮನಸಾರೆ ತಿನ್ನುತ್ತಾರೆ, ಕರಗಿದ ಬೆಣ್ಣೆ ಸುರಿದುಕೊಂಡು. ಯಾಕೆಂದು ಯೋಚಿಸಿದೆ. ಜರ್ಮನಿಯವರ ತಟ್ಟೆಯಲ್ಲಿ ಈ ಕೋಸು ಕೂರುವುದು ಕೊಬ್ಬಿನ ಮಾಂಸದ ಪಕ್ಕ. ಅಲ್ಲಿ ಹುಳಿಯ ಕೆಲಸ ಜಿಡ್ಡನ್ನು ಕಡಿಯುವುದು, ನಮ್ಮಲ್ಲಿ ಅನ್ನವನ್ನು ಇಳಿಸುವುದು. ಎರಡೂ ಹುಳಿಯೇ, ನೌಕರಿ ಬೇರೆ. ನಮ್ಮಲ್ಲೇ ಕೊಡಗಿಗೆ ಹೋದರೆ ಮೊದಲ ಬಗೆಯದು ಸಿಗುತ್ತದೆ. ಹಂದಿಯ ಕೊಬ್ಬಿಗೆ ಎದುರಾಗಿ ಕಾಚಂಪುಳಿ, ಹಣ್ಣಿನ ರಸವನ್ನು ಕಪ್ಪಗೆ, ಗಟ್ಟಿಯಾಗಿ ಕುದಿಸಿ ಇಳಿಸಿದ್ದು, ಒಂದೆರಡು ಚಮಚ ಸಾಕು. ನಾನು ತಿಂದವನಲ್ಲ, ತಿಂದವರ ಬಾಯಲ್ಲಿ ನೀರೂರುವುದನ್ನು ನೋಡಿ ಹೇಳುತ್ತಿದ್ದೇನೆ. ಪಂದಿ ಕರಿ ಕೀಟೋಗೆ ಅಪ್ಪಟ ಸಲ್ಲುತ್ತದೆ, ಪಕ್ಕದಲ್ಲಿ ಕೂತ ಅಕ್ಕಿಯ ಕಡಂಬುಟ್ಟನ್ನು ಎಬ್ಬಿಸಿ ಕಳಿಸಿದರೆ. ಅದಕ್ಕೆ ಯಾವ ಕೊಡವರೂ ಒಪ್ಪಲಿಕ್ಕಿಲ್ಲ.

ಆ ಕಾಚಂಪುಳಿಯ ಹಣ್ಣು ನಮ್ಮ ಕಾಡಿನದೇ, ಉಪ್ಪಾಗೆ. ವಿನೆಗರಿಗೂ ಮೊದಲು ತೂಕ ಇಳಿಸುವ ಪಟ್ಟ ಅದಕ್ಕೆ ಕಟ್ಟಿದ್ದರು, ಗಾರ್ಸೀನಿಯಾ ಕಂಬೋಜಿಯಾ ಎಂಬ ಹೆಸರಲ್ಲಿ. ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಕಟ್ಟುವುದನ್ನು ತಡೆಯುತ್ತದೆ ಎಂದು ಗುಳಿಗೆ ಮಾಡಿದರು. 1998ರಲ್ಲಿ 135 ಜನರ ಮೇಲೆ ಹನ್ನೆರಡು ವಾರ ಪರೀಕ್ಷಿಸಿದಾಗ ಖಾಲಿ ಗುಳಿಗೆಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ ಉತ್ತರ ಕನ್ನಡದ ಕಾಡಿನಲ್ಲಿ ಸಿಪ್ಪೆಗೆ ಬೆಲೆ ಏರಿ, ಬೇರೆಯವರು ಕೊಯ್ಯುವ ಮೊದಲು ನಾವು ಎಂದು ಕಾಯಿ ಬಲಿಯುವ ಮುಂಚೆಯೇ ಕೊಯ್ಲು ಶುರುವಾಗಿತ್ತು. ಮಳೆಗಾಲದ ಹಣ್ಣಾದ್ದರಿಂದ ಬಿಸಿಲಿಗೆ ಒಣಗುವುದಿಲ್ಲ. ಒಲೆ ಹಾಕಿ ಹೊಗೆಯಲ್ಲೇ ಒಣಗಿಸಬೇಕು, ಅದಕ್ಕೆ ಹೊರೆಹೊರೆ ಕಟ್ಟಿಗೆ. ಯಾರದೋ ಊರಿನವರ ಸೊಂಟ ಸಪೂರ ಆಗಲಿಕ್ಕೆ ನಮ್ಮ ಬೆಟ್ಟದ ಮರ ಉರಿಯಿತು.

ಸಿಪ್ಪೆಯ ಕತೆ ಹಾಗಾಯಿತು. ಬೀಜದಿಂದ ನಮ್ಮ ಕಡೆ ಹಿಂದಿನವರು ತುಪ್ಪ ತೆಗೆಯುತ್ತಿದ್ದರು. ಉಪ್ಪಾಗೆ ತುಪ್ಪ, ಗಟ್ಟಿಯಾಗಿ ಹೆಪ್ಪುಗಟ್ಟುವಂಥದ್ದು, ಈಗಲೂ ಕೆಲವು ಮನೆಗಳಲ್ಲಿ ಸಿಗುತ್ತದೆ. ಅಪ್ಪಟ ಕೊಬ್ಬು, ಪಿಷ್ಟ ಸೊನ್ನೆ. ಇದನ್ನು ಹೇಳಿದ್ದೇ ತಡ, ಭಾವ ಎದ್ದು ಕೂತರು, ಊರಿಂದ ಬರುವವರ ಹತ್ತಿರ ಎರಡು ಕಿಲೋ ತರಿಸಿಕೊಡು ಎಂದರು.

"ಅದು ದೋಸೆಗೆ ಹಾಕೋ ತುಪ್ಪ" ಎಂದಳು ಅಕ್ಕ ಒಳಗಿನಿಂದಲೇ. "ದೋಸೆನೇ ಇಲ್ಲದೆ ಎಂತಕ್ಕೆ ಹಾಕ್ಕೊಳ್ತೀರಿ?"

"ಕಾಫಿಗೆ" ಎಂದರು ಭಾವ.