ರೇಡಿಯೇಟರಿಗೂ ಒಂದು ಶಟರ್



ಶಟರ್ ಎಂದರೆ ನಿಮಗೆ ನೆನಪಾಗುವುದು ವಾಕಡದ ಅಂಗಡಿಯವರು ರಾತ್ರಿ ಎಳೆಯುವ ಶಟರ್. ಹಳೆಯ ಟ್ರ್ಯಾಕ್ಟರುಗಳಿಗೂ ಒಂದು ಶಟರ್ ಇರುತ್ತಿತ್ತು. ರೇಡಿಯೇಟರಿನ ಮುಂದೆ, ಕಿಟಕಿಯ ಪಟ್ಟಿಗಳಂತೆ ತೆರೆದು ಮುಚ್ಚುವ ತಗಡುಗಳು.

ನಾನು ಓದಿದ್ದು ಇಂಗ್ಲಿಷ್ ಬಿ.ಎ. ಆದರೆ ಈ ವಿದ್ಯೆ ಕಲಿತದ್ದು ಧಾರವಾಡದ ಹತ್ತಿರ ನಮ್ಮ ಮಾಮಾನ ಹೊಲದಲ್ಲಿ. ಅವರ ಟ್ರ್ಯಾಕ್ಟರ್ ಓಡುತ್ತಿದ್ದುದು ಚಿಮಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ. ಮೊದಲು ಪೆಟ್ರೋಲಿನಿಂದ ಚಾಲೂ ಮಾಡಿ ಶಟರ್ ಮುಚ್ಚುವರು. ನೀರು ಚೆನ್ನಾಗಿ ಕಾದ ಮೇಲೆಯೇ ನಲ್ಲಿ ತಿರುಗಿಸುವರು. "ಬಿಸಿ ಆಗೂತನಕ ಚಿಮಣಿ ಎಣ್ಣಿ ಕೊಡಬ್ಯಾಡ" ಎಂಬುದು ಮಾಮಾನ ಮಾತು.

ಕಾಯದ ಎಣ್ಣೆಯಲ್ಲಿ ಸಾಸಿವೆ ಸಿಡಿಯುವುದುಂಟೆ? ಹಾಗೆಯೇ ತಣ್ಣನೆಯ ಇಂಜಿನಿನಲ್ಲಿ ಸೀಮೆಎಣ್ಣೆ ಸರಿಯಾಗಿ ಆವಿಯಾಗದು. ಉರಿಯದೆ ಉಳಿದದ್ದು ಪಿಸ್ಟನ್ ರಿಂಗ್ ದಾಟಿ ಕೆಳಗಿನ ಇಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ತೆಳುವಾದರೆ ಬೇರಿಂಗುಗಳು ಸವೆಯುತ್ತವೆ.

ಅಮೆರಿಕದಲ್ಲಿ 1934ರಿಂದ 1952ರವರೆಗೆ ತಯಾರಾದ ಜಾನ್ ಡಿಯರ್ 'ಎ' ಮಾದರಿಯನ್ನೇ ನೋಡಿ. ಅದರಲ್ಲಿ ನೀರು ತಳ್ಳುವ ಪಂಪು ಇರಲಿಲ್ಲ; ಬಿಸಿ ನೀರು ತಾನೇ ಮೇಲೇರಿ, ತಣ್ಣನೆಯದು ಕೆಳಗಿಳಿಯುತ್ತಿತ್ತು. ಬಿಸಿಯನ್ನು ಹದದಲ್ಲಿಡುವ ಕೆಲಸ ಚಾಲಕನದು. ಹಗುರ ಕೆಲಸಕ್ಕೆ ಶಟರ್ ಅರೆ ಮುಚ್ಚಬೇಕು, ನೇಗಿಲು ಹೂಡಿದಾಗ ಪೂರ್ತಿ ತೆರೆಯಬೇಕು. ತೆರೆಯಲು ಮರೆತರೆ ನೀರು ಕುದಿದು ಹೋಗುತ್ತದೆ. ಡೀಸೆಲ್ ಇಂಜಿನ್ನೂ ಥರ್ಮೋಸ್ಟ್ಯಾಟೂ ಬಂದ ಮೇಲೆ ಈ ಉಸಾಬರಿ ತಪ್ಪಿತು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ಸೊಸೈಟಿಯ ಹುಡುಗನೊಬ್ಬ ಊರಿನಲ್ಲಿರುವ ಅಜ್ಜನ ಟ್ರ್ಯಾಕ್ಟರನ್ನು ರಿಪೇರಿ ಮಾಡಿಸುತ್ತಿದ್ದಾನೆ. "ಆಂಟಿ, ಶಟರ್ ಚಳಿ ದೇಶದವರಿಗೆ, ನಮಗ್ಯಾಕೆ? ಗುಜರಿಗೆ ಹಾಕ್ತೀನಿ" ಎಂದ. ಅಜ್ಜನಿಗೆ 85 ವರ್ಷ. ಆ ಗಾಡಿಯ ಮರ್ಮ ಬಲ್ಲವರು ಮನೆಯಲ್ಲಿ ಅವರೊಬ್ಬರೇ. ಮೊಮ್ಮಗನ ಕನ್ನಡ ಅಷ್ಟಕ್ಕಷ್ಟೇ. ಅವರ ನಡುವೆ ಫೋನಿನಲ್ಲಿ "ಊಟ ಆಯ್ತಾ" ಮುಂದಕ್ಕೆ ಮಾತು ಸಾಗದು.

ಆದ್ದರಿಂದ ಮಕ್ಕಳೇ, ನಿಮ್ಮ ಊರಲ್ಲೂ ಅಂಥ ಗಾಡಿ ಇದ್ದರೆ ಮೊದಲು ಟ್ಯಾಂಕ್ ನೋಡಿ. ಪೆಟ್ರೋಲಿಗೆ ಚಿಕ್ಕದು, ಸೀಮೆಎಣ್ಣೆಗೆ ದೊಡ್ಡದು, ಹೀಗೆ ಎರಡಿದ್ದರೆ ಶಟರ್ ಬಿಚ್ಚಬೇಡಿ. ಬರೀ ಪೆಟ್ರೋಲಿನಲ್ಲಿ ಓಡಿಸುವುದಾದರೂ ಅದು ಸಲೀಸಾಗಿ ತೆರೆಯುತ್ತದೆಯೇ ನೋಡಿಕೊಳ್ಳಿ. ನಲ್ಲಿ ಯಾವ ಕಡೆಗೆ ತಿರುಗಿಸಬೇಕು, ಸಂಜೆ ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ಯಾವಾಗ ಬರಬೇಕು, ಇದನ್ನು ಅಜ್ಜನನ್ನೇ ಕೇಳಿ. ತಪ್ಪುತಪ್ಪಾದರೂ ಕನ್ನಡದಲ್ಲೇ ಕೇಳಿ. ಅವರು ಒಂದು ಪ್ರಶ್ನೆಗೆ ಹತ್ತು ಉತ್ತರ ಕೊಡುತ್ತಾರೆ. ಅವೆಲ್ಲವನ್ನೂ ಬರೆದಿಟ್ಟುಕೊಳ್ಳಿ.