ಅಗಲೀ ಬಾರ್ ಪಕ್ಕಾ

ಮೊನ್ನೆ ಭಾನುವಾರ ಬೆಳಿಗ್ಗೆ ಅಮೆರಿಕದಿಂದ ಅಕ್ಕನ ಮಗಳ ಫೋನು. ದನಿ ಇಳಿದಿತ್ತು. "ಮಗಳು ಫೋನ್ ಮಾಡಿದಾಗಲೆಲ್ಲ ಅಳ್ತಾಳೆ ಚಿಕ್ಕಮ್ಮ. ಸೊರಾರಿಟಿಗೆ ತೊಗೊಳ್ಳಲಿಲ್ಲವಂತೆ."

ನನಗೂ ಮೊದಲು ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅಲ್ಲಿನ ಕಾಲೇಜುಗಳಲ್ಲಿ ಹುಡುಗಿಯರ ಕೂಟಗಳಿರುತ್ತವೆ, ಹೆಸರು ಎರಡೋ ಮೂರೋ ಗ್ರೀಕ್ ಅಕ್ಷರ. ಹೊಸದಾಗಿ ಸೇರಬೇಕೆನ್ನುವವರು ಚೆನ್ನಾಗಿ ಬಟ್ಟೆ ಹಾಕಿಕೊಂಡು ಒಂದೊಂದು ಕೂಟಕ್ಕೂ ಹೋಗಿ ನಗುನಗುತ್ತಾ ಮಾತಾಡಬೇಕು. ಇವರು ಅವರನ್ನು, ಅವರು ಇವರನ್ನು ಆರಿಸುತ್ತಾ ಆರಿಸುತ್ತಾ ಕೊನೆಯ ದಿನ ಯಾರಿಗೆ ಆಹ್ವಾನ ಬರುತ್ತದೋ ಅವರು ಒಳಗೆ. ಆ ಆಹ್ವಾನಕ್ಕೆ 'ಬಿಡ್' ಅನ್ನುತ್ತಾರಂತೆ. ಈ ಹುಡುಗಿಗೆ ಅದು ಬರಲಿಲ್ಲ.

"ಹೋಗಲಿ ಅಂದರೆ ಕೇಳ್ತಿಲ್ಲ. ಜನವರಿಯಲ್ಲಿ ಜಾಗ ಖಾಲಿ ಇರೋ ಕೂಟದವರು ಮತ್ತೆ ತೊಗೋತಾರೆ, ಮತ್ತೆ ಹೋಗ್ತೀನಿ ಅಂತಾಳೆ. ಬೇಡ ಅಂದವರ ಬಾಗಿಲಿಗೆ ಮತ್ತೆ ಹೋಗೋದಾ? ಮರ್ಯಾದೆ ಬೇಡ್ವಾ? ನೀವಾದರೂ ಬುದ್ಧಿ ಹೇಳಿ ಚಿಕ್ಕಮ್ಮ."

ಬುದ್ಧಿ ಹೇಳಿಸೋದಕ್ಕೆ ಅವಳು ಆರಿಸಿದ ಮನುಷ್ಯಳೇ ಸರಿಯಿಲ್ಲ! ಬೇಡ ಅಂದವರ ಬಾಗಿಲಿಗೆ ಸರಿಯಾಗಿ ಒಂದು ವರ್ಷಕ್ಕೆ ಮತ್ತೆ ಹೋದವಳು ನಾನು. ಕಾಲೇಜಿನಲ್ಲಲ್ಲ, ದಿಲ್ಲಿಯ ಕಿಟ್ಟಿಯಲ್ಲಿ.

ಕಿಟ್ಟಿ ಪಾರ್ಟಿ ಅಂದ ಕೂಡಲೇ ನಮ್ಮ ಕಡೆಯವರಿಗೆ ಹಿಂದಿ ಸೀರಿಯಲ್ಲಿನ ಲಿಪ್‌ಸ್ಟಿಕ್ಕು, ಕಪ್ಪು ಕನ್ನಡಕದ ಹೆಂಗಸರು ನೆನಪಾಗುತ್ತಾರೆ. ಅಂಥವೂ ಇವೆ, ಇಲ್ಲ ಅನ್ನಲ್ಲ. ಆದರೆ ಅದರ ಬುಡದಲ್ಲಿರುವುದು ನಮ್ಮ ಚೀಟಿ. ದೇಶ ಹೋಳಾದ ಮೇಲೆ ಬರಿಗೈಲಿ ಇಲ್ಲಿಗೆ ಬಂದ ಪಂಜಾಬಿ ಹೆಂಗಸರು ತಿಂಗಳಿಗಿಷ್ಟು ಅಂತ ಹಣ ಕೂಡಿಸಿ ಒಬ್ಬೊಬ್ಬರಿಗೆ ಒಂದೊಂದು ತಿಂಗಳು ಕೊಡುತ್ತಿದ್ದರು, ಹಾಗೆ ಬೆಳೆದದ್ದು ಅಂತ ಇಲ್ಲಿನ ಹಳಬರು ಹೇಳುತ್ತಾರೆ. ನಮ್ಮ ಊರಿನ ಚೀಟಿಯಲ್ಲಿ ಹರಾಜು ಕೂಗುತ್ತೇವೆ, ಹಣದ ಅವಸರ ಇರುವವರು ಕಮ್ಮಿಗೆ ಎತ್ತುತ್ತಾರೆ, ಚೀಟಿ ನಡೆಸುವವನಿಗೆ ಕಮಿಷನ್ನು. ಕಿಟ್ಟಿಯಲ್ಲಿ ಇವು ಯಾವುದೂ ಇಲ್ಲ. ಹನ್ನೆರಡು ಜನ, ತಲೆಗೆ 500 ರೂಪಾಯಿ, ಡಬ್ಬಿಯೊಳಗೆ ಹೆಸರು ಬರೆದ ಚೀಟಿ. ಯಾರ ಹೆಸರು ಬಂತೋ ಅವರಿಗೆ ಪೂರ್ತಿ 6,000. ಜೊತೆಗೆ ಚಹಾ, ಪಕೋಡ, ತಂಬೋಲ. (ಅಮೆರಿಕದವರ 'ಬಿಡ್'ಗೂ ನಮ್ಮ ಚೀಟಿ ಕೂಗಿಗೂ ಇಂಗ್ಲಿಷಿನಲ್ಲಿ ಒಂದೇ ಪದ, ನೋಡಿ!)

ನಾವು 1996ರಲ್ಲಿ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಯಮುನೆಯ ಈಚೆ ದಡಕ್ಕೆ, ಐ.ಪಿ. ಎಕ್ಸ್‌ಟೆನ್ಷನ್ನಿಗೆ ಬಂದೆವು. ಸೊಸೈಟಿ ಫ್ಲ್ಯಾಟು, ಎರಡನೇ ಮಹಡಿ. ಇವರು ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೋದರೆ ಸಂಜೆ ಏಳು. ಮಕ್ಕಳು ಸ್ಕೂಲಿಗೆ. ತಿಂಗಳ ಎರಡನೇ ಮಂಗಳವಾರ ಮಧ್ಯಾಹ್ನ ಯಾರದೋ ಮನೆಯಿಂದ "ಟೂ ಫ್ಯಾಟ್ ಲೇಡೀಸ್, ಏಟಿ ಏಟ್" ಅಂತ ಕೂಗು, ಅದರ ಹಿಂದೆಯೇ ಒಂದು ದೊಡ್ಡ ನಗು ಕೇಳಿಸುತ್ತಿತ್ತು. ನಾನು ಬಾಲ್ಕನಿಯಲ್ಲಿ ಒಣಗಿದ ಬಟ್ಟೆಯನ್ನೇ ಎರಡೆರಡು ಸಲ ಮಡಚುತ್ತಿದ್ದೆ.

1997ರ ಡಿಸೆಂಬರಿನಲ್ಲಿ ಒಬ್ಬರು ಮನೆ ಮಾರಿ ಹೋದರು, ಕಿಟ್ಟಿಯಲ್ಲಿ ಒಂದು ಜಾಗ ಖಾಲಿಯಾಯಿತು ಅಂತ ಗೊತ್ತಾಯ್ತು. ನಾನು ಮಾಡಿದ ಪೆದ್ದು ಕೆಲಸ ಕೇಳಿ. ನೇರವಾಗಿ ಕೇಳಲು ನಾಚಿಕೆ. ಕಿಟ್ಟಿ ನಡೆಸುತ್ತಿದ್ದ 301ರ ಭಾಭಿಯನ್ನೂ ಇನ್ನಿಬ್ಬರನ್ನೂ ಚಹಾಕ್ಕೆ ಕರೆದೆ. ಕೋಡುಬಳೆ ಕರಿದೆ, ಪುಳಿಯೋಗರೆ ಕಲಸಿದೆ. ಅವರು ಬಂದರು, ತಿಂದರು, ಕೋಡುಬಳೆಯನ್ನು "ಸೌತ್ ಕಾ ಮಠ್ರಿ" ಅಂತ ಹೊಗಳಿದರು, ದೋಸೆ ಯಾಕೆ ಮಾಡಿಲ್ಲ ಅಂತಲೂ ಕೇಳಿದರು. ಎದ್ದು ಹೋಗುವಾಗ ನಾನು ತಡವರಿಸುತ್ತಾ, ನಿಮ್ಮ ಕಿಟ್ಟಿಗೆ ನನ್ನನ್ನೂ... ಅಂದೆ. ಭಾಭಿ ನನ್ನ ಕೈ ಹಿಡಿದು, "ಹಾಂ ಹಾಂ, ಸೋಚ್ ಕೇ ಬತಾತೇ ಹೈಂ" ಅಂದರು.

ದಿಲ್ಲಿಯಲ್ಲಿ ಇಲ್ಲ ಅನ್ನುವವರು ಕಡಿಮೆ. ಯೋಚನೆ ಮಾಡಿ ಹೇಳ್ತೀವಿ ಅನ್ನುತ್ತಾರೆ. ಜನವರಿಯಲ್ಲಿ 204ಕ್ಕೆ ಹೊಸದಾಗಿ ಬಂದಿದ್ದ ಹೆಂಗಸು, ನನಗಿಂತ ಒಂದೂವರೆ ವರ್ಷ ಹೊಸಬಳು, ತಟ್ಟೆ ಮುಚ್ಚಿಕೊಂಡು ಕಿಟ್ಟಿಗೆ ಹೋಗುವುದನ್ನು ಮೆಟ್ಟಿಲಲ್ಲಿ ಕಂಡೆ. ಭಾಭಿ ಸಿಕ್ಕಾಗ ಅವರೇ ಬೆನ್ನು ತಟ್ಟಿ, "ಅಗಲೀ ಬಾರ್ ಪಕ್ಕಾ" ಅಂದರು.

ಅವಮಾನವಾಯಿತು. ಸುಳ್ಳೇಕೆ, ಅತ್ತೆ. ಕಾರಣ ನನಗೆ ನಾನೇ ಹುಡುಕಿಕೊಂಡೆ: ನಾವು ಮದ್ರಾಸಿಗಳು, ನನ್ನ ಹಿಂದಿ ಕೆಟ್ಟದ್ದು. ಒಮ್ಮೆ ನಾನು "ದಹೀ ಖಟ್ಟಾ ಹೈ" ಅಂದಾಗ ಅವರೆಲ್ಲ ನಕ್ಕಿದ್ದರು, ಇಲ್ಲಿ ಎಲ್ಲರೂ "ಖಟ್ಟೀ" ಅನ್ನುತ್ತಾರೆ. ಹಿಂದಿ ವ್ಯಾಕರಣದಲ್ಲಿ ಮೊಸರು ಗಂಡೇ ಅಂತ ಆಮೇಲೆ ಮಗನ ಪಾಠಪುಸ್ತಕದಿಂದ ತಿಳಿಯಿತು. ಸರಿಯಾಗಿ ಮಾತಾಡಿ ನಗಿಸಿಕೊಂಡವಳು ನಾನು!

ಆ ವರ್ಷ ಹಟಕ್ಕೆ ಬಿದ್ದು ಆರ್.ಕೆ. ಪುರಂ ಸೆಕ್ಟರ್ 12ರ ಕರ್ನಾಟಕ ಸಂಘಕ್ಕೆ ಹೋಗತೊಡಗಿದೆ. 1948ರಿಂದ ಇರುವ ಸಂಘ, ಅಲ್ಲಿ ನಾಲ್ಕು ಜನ ಕನ್ನಡದಲ್ಲಿ "ಏನ್ರೀ, ಚೆನ್ನಾಗಿದ್ದೀರಾ" ಅಂದರೇ ಹೊಟ್ಟೆ ತುಂಬುತ್ತಿತ್ತು. ಆದರೆ ಆಗಿನ್ನೂ ಮೆಟ್ರೋ ಇಲ್ಲ. ಬ್ಲೂಲೈನ್ ಬಸ್ಸು ಹತ್ತಿ, ಐ.ಟಿ.ಓ. ಸೇತುವೆಯ ಮೇಲೆ ನಿಂತು ನಿಂತು, ಇನ್ನೊಂದು ಬಸ್ಸು ಹಿಡಿದು ಹೋಗಬೇಕು. ತಿಂಗಳಿಗೊಮ್ಮೆ ಆದೀತು. ಮಂಗಳವಾರ ಮಧ್ಯಾಹ್ನ ಮಗುವಿಗೆ ಜ್ವರ ಬಂದರೆ ಆರ್.ಕೆ. ಪುರಂನಿಂದ ಯಾರು ಬರುತ್ತಾರೆ, ಹೇಳಿ.

ನಿಜವಾದ ಕಾರಣ ಗೊತ್ತಾದದ್ದು ಮನೆ ಕೆಲಸದಾಕೆಯಿಂದ. ಅವಳು 301ರಲ್ಲೂ ಪಾತ್ರೆ ತಿಕ್ಕುತ್ತಿದ್ದಳು. ಒಂದು ದಿನ ಬೇಳೆ ಪಾತ್ರೆ ತಿಕ್ಕುತ್ತಾ ತಿಕ್ಕುತ್ತಾ ಹೇಳಿದಳು: "ನಿಮ್ಮನ್ನ ಯಾಕೆ ಸೇರಿಸ್ಕೊಂಡಿಲ್ಲ ಗೊತ್ತಾ ದೀದಿ? ಸಾಹೇಬರಿಗೆ ಟ್ರಾನ್ಸ್‌ಫರ್ ಆಗುತ್ತೆ, ಹಣ ಎತ್ಕೊಂಡು ಹೋಗಿಬಿಡ್ತಾರೆ ಅಂತ." ಹಿಂದೊಮ್ಮೆ ಹಾಗೇ ಆಗಿತ್ತಂತೆ. ವರ್ಗವಾಗುವ ಕೆಲಸದವರ ಹೆಂಡತಿ ಮೂರನೇ ತಿಂಗಳೇ ಎತ್ತಿಕೊಂಡು ಊರು ಬಿಟ್ಟಳು. ಎರಡು ತಿಂಗಳು ಮನಿಯಾರ್ಡರು ಬಂತು, ಆಮೇಲೆ ನಿಂತಿತು. ಉಳಿದವರು ಗಂಡಂದಿರಿಗೆ ಗೊತ್ತಾಗದ ಹಾಗೆ ತುಂಬಿಕೊಟ್ಟರು.

ಆಗ ನನಗೆ ತಲೆಗೆ ಹೊಳೆಯಿತು. ಕಿಟ್ಟಿಗೆ ಕಾಗದ ಇಲ್ಲ, ಸಹಿ ಇಲ್ಲ, ಕೋರ್ಟು ಇಲ್ಲ. ಮೊದಲು ಎತ್ತಿದವರಿಗೆ ಅದು ಬಡ್ಡಿಯಿಲ್ಲದ ಸಾಲ, ಕೊನೆಗೆ ಎತ್ತುವವರಿಗೆ ಬಡ್ಡಿಯಿಲ್ಲದ ಉಳಿತಾಯ. ಹೊಸಬರನ್ನು ಸೇರಿಸುವುದೆಂದರೆ ಗುರುತಿಲ್ಲದವರಿಗೆ ಸಾಲ ಕೊಟ್ಟ ಹಾಗೆ. ನಾನು ಕೋಡುಬಳೆ ಕರಿದೆ, ಅವರು ನಮ್ಮ ಮನೆಯ ಟ್ರಾನ್ಸ್‌ಫರ್ ಆರ್ಡರಿನ ಬಗ್ಗೆ ಯೋಚಿಸುತ್ತಿದ್ದರು. 204ರವರದು ಗಾಂಧಿನಗರದಲ್ಲಿ ಬಟ್ಟೆ ಅಂಗಡಿ, ಅಂಗಡಿ ಎಲ್ಲಿಗೂ ವರ್ಗವಾಗುವುದಿಲ್ಲವಲ್ಲ!

1998ರ ಡಿಸೆಂಬರಿನಲ್ಲಿ ಸೀದಾ 301ರ ಬೆಲ್ ಒತ್ತಿದೆ. ಕೈಯಲ್ಲಿ ತಿಂಡಿ ಗಿಂಡಿ ಏನೂ ಇಲ್ಲ. "ಭಾಭೀಜಿ, ನನ್ನ ಹೆಸರಿನ ಚೀಟಿ ಡಬ್ಬಿಗೆ ಹಾಕಲೇ ಬೇಡಿ. ಡಿಸೆಂಬರ್ ನನ್ನದು. ಹನ್ನೊಂದು ತಿಂಗಳು ಕೊಡ್ತೀನಿ, ಎಲ್ಲರೂ ಎತ್ತಿದ ಮೇಲೆ ಎತ್ತುತೀನಿ" ಅಂದೆ. ನನ್ನ ಹಿಂದಿಯಲ್ಲಿ ಎಷ್ಟು ಗಂಡು ಹೆಣ್ಣಾಯಿತೋ, ಎಷ್ಟು ಹೆಣ್ಣು ಗಂಡಾಯಿತೋ. ಭಾಭಿ ಒಂದು ಕ್ಷಣ ನನ್ನ ಮುಖ ನೋಡಿದರು. ಅವರ ಮುಖ ಸ್ವಲ್ಪ ಕೆಂಪಾಯಿತು ಅಂತ ಈಗಲೂ ನನಗನಿಸುತ್ತದೆ. "ಅಂದರ್ ಆವೋ" ಅಂದರು.

1999ರ ಡಿಸೆಂಬರಿನಲ್ಲಿ 6,000 ರೂಪಾಯಿ ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲಿಳಿದೆ. ಆಗ ಅಷ್ಟಕ್ಕೆ ಹತ್ತು ಗ್ರಾಂ ಚಿನ್ನ ಬಂದು ಇನ್ನೂ ಉಳಿಯುತ್ತಿತ್ತು. ನಾನು ಚಿನ್ನ ತರಲಿಲ್ಲ. ಊರಲ್ಲಿ ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ನಿಗೆ ಕಳಿಸಿದೆ. ಮದುವೆಯಾದ ಮೇಲೆ ಯಾರನ್ನೂ ಕೇಳದೆ ತವರಿಗೆ ಕಳಿಸಿದ ಮೊದಲ ಹಣ ಅದು. ಇವರಿಗೆ ಹೇಳಿದ್ದು ಆಮೇಲೆ. ಅಂದ ಹಾಗೆ, ಇವರಿಗೆ ಟ್ರಾನ್ಸ್‌ಫರ್ ಆಗಲೇ ಇಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಅಕ್ಕನ ಮಗಳಿಗೆ ಧೈರ್ಯವಾಗಿ ಹೇಳಬಹುದಿತ್ತು. ಮುಗಿಯಲಿಲ್ಲ.

2012ರ ಡಿಸೆಂಬರು. ಅಷ್ಟೊತ್ತಿಗೆ ನಾನೇ ಹಳಬಳು, ತಲೆಗೆ 2,000ದ ಕಿಟ್ಟಿ. ನಮ್ಮ ಮೇಲಿನ ಮಹಡಿಗೆ ಬಾಡಿಗೆಗೆ ಬಂದಿದ್ದ ಒಡಿಶಾದ ಹುಡುಗಿಯೊಬ್ಬಳು ಕಿಟ್ಟಿಗೆ ಸೇರಬಹುದಾ ಅಂತ ಕೇಳಿದಳು. ಭಾಭಿಗೆ ವಯಸ್ಸಾಗಿತ್ತು, ನನ್ನ ಕಡೆ ತಿರುಗಿ, ನೀನೇನಂತೀಯಾ ಅಂದರು. ನನ್ನ ಬಾಯಿಂದ ಬಂದದ್ದು: "ಕಿರಾಯೇದಾರ್ ಹೈ ನಾ..." ದಿಲ್ಲಿಯ ಬಾಡಿಗೆ ಅಗ್ರಿಮೆಂಟು ಹನ್ನೊಂದು ತಿಂಗಳದ್ದು, ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ ಅಂತ. ನಮ್ಮ ಕಿಟ್ಟಿ ಹನ್ನೆರಡು ತಿಂಗಳದ್ದು. ಲೆಕ್ಕ ಕೂಡುವುದಿಲ್ಲ. ಮೆಟ್ಟಿಲಲ್ಲಿ ಅವಳು ಸಿಕ್ಕಾಗ ಬೆನ್ನು ತಟ್ಟಿ ಹೇಳಿದೆ, "ಅಗಲೀ ಬಾರ್ ಪಕ್ಕಾ." ಹೇಳಿ ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಈ ಮಾತು ಎಲ್ಲೋ ಕೇಳಿದ್ದೇನಲ್ಲ ಅನಿಸಿತು.

ಮುಂದಿನ ಡಿಸೆಂಬರಿನಲ್ಲಿ ಅವಳು ಮತ್ತೆ ಕೇಳಿದಳು. ನನ್ನ ಉಪಾಯ ಹೇಳಿಕೊಟ್ಟೆ, ಕೊನೆಯ ತಿಂಗಳು ತೊಗೊ ಅಂತ. ಹುಡುಗಿ ಚುರುಕು. "ಆಂಟಿ, ನಾಳೆ ಮನೆ ಖಾಲಿ ಮಾಡಿ ಅಂದರೆ ನಾನು ಹೋಗ್ತೀನಿ. ಆಮೇಲೆ ಡಿಸೆಂಬರಲ್ಲಿ ನನಗೆ ಯಾರು ಕೊಡ್ತಾರೆ?" ಸರಿಯೇ. ಅವಳನ್ನು ನಾವು ನಂಬದಿದ್ದರೆ ಅವಳು ನಮ್ಮನ್ನು ಯಾಕೆ ನಂಬಬೇಕು? ಆ ಮಂಗಳವಾರ ಕಿಟ್ಟಿಯಲ್ಲಿ ಎಲ್ಲರೆದುರು ಹೇಳಿದೆ, ಇವಳು ಕೊಡದಿದ್ದರೆ ನಾನು ಕೊಡ್ತೀನಿ.

2014ರ ಜನವರಿಯಲ್ಲಿ ಪುಟ್ಟ ಹುಡುಗನೊಬ್ಬನ ಕೈಲಿ ಮೊದಲ ಚೀಟಿ ಎತ್ತಿಸಿದೆವು. ಅವಳದೇ ಹೆಸರು! 24,000 ರೂಪಾಯಿ. ಹತ್ತು ಜೋಡಿ ಕಣ್ಣು ನನ್ನ ಮೇಲೆ. ಅವತ್ತಿನಿಂದ ರಾತ್ರಿ ಮಲಗುವ ಮುಂಚೆ ಕೆಳಗಿಳಿದು ಅವಳ ಮನೆ ಕಿಟಕಿಯಲ್ಲಿ ದೀಪ ಉರಿಯುತ್ತಿದೆಯಾ ಅಂತ ನೋಡುವುದು ನನ್ನ ಅಭ್ಯಾಸವಾಯಿತು. ವಾಕಿಂಗ್ ಅಂತ ಇವರಿಗೆ ಹೇಳುತ್ತಿದ್ದೆ.

ಅಕ್ಟೋಬರಿನಲ್ಲಿ ಮನೆ ಮಾಲೀಕ ಅಗ್ರಿಮೆಂಟ್ ಮುಂದುವರಿಸಲಿಲ್ಲ. ಅವಳು ವೈಶಾಲಿಗೆ ಹೋದಳು. ನವೆಂಬರಿನಲ್ಲಿ ಮೆಟ್ರೋ ಹಿಡಿದು ಬಂದು, ಪ್ರೀತ್ ವಿಹಾರಿನಲ್ಲಿ ಇಳಿದು, ಹಣ ಕೊಟ್ಟು ಹೋದಳು. ಡಿಸೆಂಬರಿನ ಕಿಟ್ಟಿಗೆ ಬರಲಿಲ್ಲ. ಫೋನು ಎತ್ತಲಿಲ್ಲ. ನಾನು ಏನೂ ಆಗದವಳ ಹಾಗೆ ಪರ್ಸಿನಿಂದ 2,000 ತೆಗೆದು ಡಬ್ಬಿಗೆ ಹಾಕಿದೆ. ಯಾರೂ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ರಾತ್ರಿ ಒಂಬತ್ತಕ್ಕೆ ಬೆಲ್ಲು. ಮಂಜಿನಲ್ಲಿ ಮೂಗು ಕೆಂಪಾಗಿ, ಶಾಲು ಹೊದ್ದು ನಿಂತಿದ್ದಳು. ಮಗನಿಗೆ ವಾಂತಿಯಂತೆ, ಇಡೀ ದಿನ ಡಾಕ್ಟರ ಹತ್ತಿರವಂತೆ, ಫೋನು ಮನೆಯಲ್ಲೇ ಉಳಿದಿತ್ತಂತೆ. ಲಕೋಟೆ ಕೈಗಿಟ್ಟಳು. ಚಹಾ ಇಟ್ಟೆ. ಕುಡಿಯುತ್ತಾ ಕೇಳಿದೆ, ಅಲ್ಲಿ ವೈಶಾಲಿಯಲ್ಲಿ ಕಿಟ್ಟಿ ಇಲ್ವಾ ಅಂತ.

"ಇದೆ ಆಂಟಿ, ಕೇಳಿದೆ" ಅಂದಳು. "ಸೋಚ್ ಕೇ ಬತಾಯೇಂಗೇ ಅಂದ್ರು."